ನಾಲ್ಕು ಕಂಬದ ಕೆಳಗಿನ ಕಾವು

ಉತ್ತರಿ ಮಳೆ ಹಿಡಿದು ಅಂದಿಗೆ ಆರು ದಿನ. ಕಿತ್ತು ಹಾಕಿದ ಶೇಂಗಾ ಹೊಲದಲ್ಲೇ ಮೊಳಕೆ ಒಡೆದೀತೆಂಬ ಹೆದರಿಕೆಗೆ ಊರಿನ ಅರ್ಧ ಹೆಂಗಸರು ಗೋರಿಬಯಲಿನಲ್ಲಿದ್ದೆವು. ಬಳ್ಳಿಯಿಂದ ಕಾಯಿ ಬಿಡಿಸುವುದು, ಕೆಸರು ತೊಳೆಯುವುದು, ಬುಟ್ಟಿಯಲ್ಲಿ ಜಾಡಿಸಿ ನೀರು ಇಳಿಸುವುದು, ಗೋರಿಯ ಮೇಲೆ ಹರವುವುದು, ಮೇಲೆ ತಾಡಪತ್ರಿಯನ್ನು ನಾಲ್ಕು ಗೂಟಕ್ಕೆ ಎಳೆದು ಕಟ್ಟುವುದು. ಬೆಳಗಿನಿಂದ ಇದೇ ಕೆಲಸ. ನಮ್ಮವ್ವ ಫಕೀರವ್ವನ ಗೋರಿಯ ಮೇಲೆ ಬೆಳಗ್ಗೆ ಹರವಿದ ಕಾಯಿಯನ್ನು ಮಧ್ಯಾಹ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. ಅಷ್ಟು ಕಾವು. ಪಕ್ಕದ ಸೂಲಗಿತ್ತಿಯ ಗೋರಿ ಎರಡು ದಿನ ಹಿಡಿಯುತ್ತಿತ್ತು. ಕನ್ನಡ ಸಾಲೆಯ ಮಾಸ್ತರರದು ನಾಲ್ಕು ದಿನ, ಅದೂ ನಡುನಡುವೆ ಆರಿಹೋಗಿ ಮತ್ತೆ ಯಾವಾಗಲೋ ಬೆಚ್ಚಗಾಗುತ್ತಿತ್ತು, ಅವರ ಪಾಠದ ಹಾಗೆಯೇ. ಪರಂಗಿ ಸಾಹೇಬನ ಗೋರಿಗೆ ಮೂಗು ಮುರಿದ ಕಲ್ಲಿನ ಗೊಂಬೆ, ಸುತ್ತ ಸರಪಳಿ, ಎಲ್ಲ ಇತ್ತು. ಕಾವು ಮಾತ್ರ ಕಾಲಿನ ಕಡೆ ಒಂದು ಮೂಲೆಯಲ್ಲಿ. ಅಲ್ಲಿ ಅವನ ಕುದುರೆಯಾಳನ್ನು ಹೂತಿದ್ದಾರೆ.

ಯಾವ ಗೋರಿ ಯಾಕೆ ಬಿಸಿ ಎಂದು ಕೇಳುವವರು ಹೊರಗಿನವರು. ನಮಗೆ ಬೇಕಾದದ್ದು ಯಾವುದು ಎಷ್ಟು ಹೊತ್ತಿಗೆ ಒಣಗಿಸುತ್ತದೆ ಎಂಬುದಷ್ಟೇ. ರೊಟ್ಟಿಯ ಹಂಚಿನ ಮುಂದೆ ಕೂತವಳು ಬೆಂಕಿಯ ವಂಶ ಕೇಳುವುದಿಲ್ಲ.

ಬಯಲಿನ ನಟ್ಟನಡುವೆ ಬಾಪುಗೌಡರ ಮಂಟಪ. ನಾಲ್ಕು ಕೆತ್ತಿದ ಕಂಬ, ಮೇಲೆ ಕಮಲದ ಗುಮ್ಮಟ, ಒಳಗೆ ಕನ್ನಡಿಯಂತೆ ತಿಕ್ಕಿದ ಕರಿಕಲ್ಲಿನ ಗೋರಿ. ಎಳ್ಳಷ್ಟೂ ಬಿಸಿಯಿಲ್ಲ. ಚಳಿಯಲ್ಲಿ ಸೂಲಗಿತ್ತಿಯ ಮೇಲೆ ಒಂದರ ಮೇಲೊಂದು ಬಿದ್ದುಕೊಳ್ಳುವ ನಾಯಿಗಳು ಮಳೆಗೆ ನೆನೆದರೂ ಮಂಟಪದೊಳಗೆ ಕಾಲಿಡುತ್ತಿರಲಿಲ್ಲ. ಗೌಡರ ಮನೆಯವರು ಇದಕ್ಕೊಂದು ಅರ್ಥ ಕಟ್ಟಿದ್ದರು. ಅದು ಪುಣ್ಯದ ತಂಪಂತೆ. ಬಿಸಿ ಇರುವವರು ಇನ್ನೂ ಆಸೆ ಬಿಡದವರಂತೆ. ಗೌಡರು ಬದುಕಿದ್ದಾಗ ಬಿಟ್ಟ ಆಸೆ ಯಾವುದೆಂದು ಊರಿನಲ್ಲಿ ಯಾರೂ ಕೇಳಲಿಲ್ಲ, ಏಕೆಂದರೆ ಕೇಳುವವರ ಹೊಲಗಳೆಲ್ಲ ಅವರ ಕಾಲುವೆಯ ಕೆಳಗಿದ್ದವು.

ಗೋರಿಯ ಮೇಲೆ ಹರವುವ ಹಕ್ಕು ವಾರಸುದಾರರದು. ಉಳಿದವರು ಅವರನ್ನು ಕೇಳಿ ಹರವಬೇಕು. ಗೋರಿಯ ಮಣ್ಣಿಗೆ ಮೊದಲ ಗುದ್ದಲಿ ಹಾಕುವ ಕೈಯೂ ವಾರಸುದಾರರದೇ. ಯಾರಾದರೂ ಕೇಳದೆ ಬಂದು ಹರವಿದರೆ ಅಲ್ಲೇ ತಡೆಯಬೇಕು. ತಡೆಯುವವರು ಕಲ್ಲಿನ ಮೇಲೆ ಕೈಯಿಟ್ಟು, ಇದರೊಳಗೆ ನಿನ್ನವರು ಯಾರೂ ಇಲ್ಲ ಎಂದು ಹೇಳಬೇಕು. ಹಾಗೆ ಹೇಳದೆ ಹೊತ್ತು ಮುಳುಗಿದರೆ ಹರವಿದವರು ಆ ಮನೆಯ ಮಕ್ಕಳು ಎಂದು ಲೆಕ್ಕ. ಈ ಒಂದು ಮಾತಿನ ಮೇಲೆ ನಮ್ಮೂರ ಪಂಚರು ಎಷ್ಟೋ ಆಸ್ತಿ ಹಂಚಿದ್ದಾರೆ. ಬಡಿಗೇರ ಕಲ್ಲಪ್ಪನ ಎರಡನೆಯ ಸಂಸಾರದ ಮಗ ಒಂದು ಬುಟ್ಟಿ ಮೆಣಸಿನಕಾಯಿ ಹರವಿ ಎರಡೆಕರೆ ಹೊಲ ಗೆದ್ದ. ಅವನ ಅಣ್ಣಂದಿರು ಆ ದಿನ ಸಂತೆಗೆ ಹೋಗಿದ್ದರು.

ನಮ್ಮವ್ವ ಬಾಪುಗೌಡರ ಮನೆಯಲ್ಲಿ ಮೂವತ್ತೊಂದು ವರ್ಷ ರೊಟ್ಟಿ ಬಡಿದವಳು. ದಿನಕ್ಕೆ ಅರವತ್ತು ರೊಟ್ಟಿ, ಹಬ್ಬಕ್ಕೆ ನೂರು. ನಮ್ಮಪ್ಪ ಹನಮಪ್ಪ ನಾನು ನಡೆಯುವ ಮೊದಲೇ ಸತ್ತ. ಗೋರಿಬಯಲಿನ ಅಂಚಿನಲ್ಲಿ ಗೌಡರ ಜಾಗದಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಳ್ಳಲು ಬಿಟ್ಟಾಗ ಬಾಪುಗೌಡರು, "ಈ ಜಾಗ ನಿಂದ ತಿಳಿ, ಬರದ ಕೊಡ್ತೀನಿ" ಎಂದಿದ್ದರು. ಕೂಲಿ ಕೇಳಿದಾಗಲೆಲ್ಲ ಆ ಜಾಗದ ಮಾತು ತೆಗೆಯುತ್ತಿದ್ದರು. ಬರೆದುಕೊಡದೆ ಸತ್ತರು. ಅವರ ಮಗನೂ ಬರೆದುಕೊಡದೆ ಸತ್ತ. ಅವ್ವ ಸತ್ತು ಹನ್ನೆರಡು ವರ್ಷವಾಯಿತು. ಈಗ ಮೊಮ್ಮಗ ಪ್ರತಾಪಗೌಡನ ಕಾಲ. ನಾನು ಆ ಎರಡು ಕೋಣೆಯಲ್ಲೇ ಐವತ್ತೆಂಟು ವರ್ಷದವಳಾಗಿದ್ದೆ.

ಇಷ್ಟಕ್ಕೂ ಈ ಮಂದಿ ಬರದಿದ್ದರೆ ಹೀಗೇ ನಡೆದುಹೋಗುತ್ತಿತ್ತೇನೋ. ಹಳೆಯ ಗೋರಿಗಳನ್ನು ನೋಡಿಕೊಂಡು ಊರೂರು ತಿರುಗುವ ಒಂದು ಗುಂಪು ಇದೆ. ಮೂರು ವರ್ಷದಿಂದ ಅವರು ನಮ್ಮೂರಿಗೂ ಬರಲು ಶುರು ಮಾಡಿದ್ದರು. ವ್ಯಾನಿನಿಂದ ಇಳಿಯುತ್ತಲೇ ಮೆಲ್ಲಗೆ ಮಾತಾಡುತ್ತಾರೆ, ಗೋರಿಗಳಿಗೆ ಎಚ್ಚರವಾಗಬಾರದೆಂಬಂತೆ. ಅವರ ಮುಂದಾಳು ವಸುಮತಿ ಮೇಡಂ. ಕೈಯಲ್ಲಿ ಜ್ವರ ನೋಡುವಂಥ ಒಂದು ಕಡ್ಡಿ, ಕೊರಳಲ್ಲಿ ನೋಟುಬುಕ್ಕು. ಕಡ್ಡಿಯನ್ನು ಗೋರಿಗೆ ಒತ್ತಿ ಡಿಗ್ರಿ ಬರೆದುಕೊಳ್ಳುತ್ತಾರೆ. ಹೋದ ವರ್ಷ ಬರೆದ ಪಟ್ಟಿಯಲ್ಲಿ ಫಕೀರವ್ವ ನಲವತ್ತೆಂಟು, ಮೊದಲನೆಯ ಸ್ಥಾನ. ಬಾಪುಗೌಡರಿಗೆ ಸ್ಥಾನವಿಲ್ಲ, ಎದುರಿಗೆ "ಕೆತ್ತನೆ ಚೆನ್ನಾಗಿದೆ" ಎಂದು ಬರೆದಿದ್ದರು. ಆ ಪಟ್ಟಿ ಯಾವುದೋ ಪತ್ರಿಕೆಯಲ್ಲಿ ಅಚ್ಚಾಯಿತು. ಬೀಗರ ಮನೆಯ ಮದುವೆಯಲ್ಲಿ ಯಾರೋ ಅದನ್ನು ಪ್ರತಾಪಗೌಡನ ಮುಂದೆ ಗಟ್ಟಿಯಾಗಿ ಓದಿದರಂತೆ. ಅಂದಿನಿಂದ ಪುಣ್ಯದ ತಂಪಿನ ಮಾತು ನಿಂತಿತು.

ಅವನು ಮೊದಲು ಮಾಡಿದ್ದು ಸುಣ್ಣದ ಕೆಲಸ. ಗೌಂಡಿ ಇಮಾಮಸಾಬನನ್ನು ಕರೆಸಿ ಗೋರಿಯ ಚಪ್ಪಡಿಯ ಅಡಿಯಲ್ಲಿ ನಾಲ್ಕು ಚೀಲ ಸುಟ್ಟ ಸುಣ್ಣದ ಹರಳು ತುಂಬಿಸಿ ನೀರು ಬಿಡಿಸಿದ. ಒಂದು ದಿನ ಬಿಸಿಯಾಯಿತು, ನಿಜ. ಮರುದಿನ ಒಳಗಿನಿಂದ ಉಬ್ಬಿ ಚಪ್ಪಡಿ ಎರಡು ಬಿರುಕು ಬಿಟ್ಟು ಬಾಪುಗೌಡರು ಹಾಲು ಉಕ್ಕಿದಂತೆ ಬೆಳ್ಳಗೆ ಉಕ್ಕಿದರು. ಊರೆಲ್ಲ ಕಟ್ಟೆಯ ಮೇಲೆ ಕೂತು ಮುಖ ಗಂಟು ಹಾಕಿಕೊಂಡು ಒಳಗೊಳಗೇ ನಕ್ಕಿತು.

ಹಾಗಾಗಿ ಆ ಆರನೆಯ ದಿನ ಪ್ರತಾಪಗೌಡ ಛತ್ರಿ ಹಿಡಿದು ನಮ್ಮ ಕಡೆಗೆ ಬರುವುದನ್ನು ಕಂಡಾಗ ಪಕ್ಕದಲ್ಲಿ ಕಾಯಿ ಬಿಡಿಸುತ್ತಿದ್ದ ತಿಪ್ಪವ್ವ, "ಬಂದ ನೋಡು, ಈ ಸಲ ಏನ್ ತುಂಬತಾನೋ" ಎಂದಳು. ತಿಪ್ಪವ್ವ ನಮ್ಮ ಪಕ್ಕದ ಮನೆಯವಳು. ಅವಳ ಶೇಂಗಾವೂ ನಮ್ಮವ್ವನ ಮೇಲೆಯೇ ಒಣಗುತ್ತಿತ್ತು. ಹಾಗೆ ಏಳು ಮನೆಯವರು ನನ್ನನ್ನು ಕೇಳಿ ಹರವುತ್ತಿದ್ದರು.

"ಏನ್ ಇಂದ್ರವ್ವ, ಶೇಂಗಾ ಭಾಳ ಬಂದಾವಲ್ಲ ಈ ವರ್ಸ?" ಎಂದ ಗೌಡ.

"ಬಂದಾವ್ರೀ. ಹಂದಿ ತಿಂದು ಉಳದದ್ದು, ಮಳಿ ತಿಂದು ಉಳದದ್ದು."

ಅವನು ನಗಲಿಲ್ಲ. ಗೋರಿಯ ಮೇಲೆ ಅಂಗೈ ಇಟ್ಟ, ತಟ್ಟನೆ ತೆಗೆದ. "ಒಂದ ಮಾತ ಐತಿ. ನಿಮ್ಮವ್ವನ್ನ ಒಳಗ ತಗೊಂಡು ಹೋಗೂಣಂತ."

"ಯಾವ ಒಳಗ್ರೀ?"

"ಮಂಟಪದಾಗ. ನಮ್ಮ ಅಜ್ಜನ ಕೆಳಗ."

ತಿಪ್ಪವ್ವನ ಕೈ ನಿಂತಿತು.

"ಕೆಳಗ ಅಂದ್ರ?" ಎಂದೆ.

"ಎರಡ ಮೊಳ ಕೆಳಗ. ನಡುವ ಒಂದು ಕಡಪಾ ಕಲ್ಲು. ಅಜ್ಜ ಮ್ಯಾಲ, ನಿಮ್ಮವ್ವ ಕೆಳಗ. ಸಂಪ್ರದಾಯ ಏನೂ ಕೆಡೂದಿಲ್ಲ."

"ಹಂಡೆದ ಕೆಳಗ ಒಲಿ ಇದ್ದಂಗ."

"ಹಾಂ! ಹಂಗ ತಿಳಿ," ಎಂದು ಅವನು ಖುಷಿಯಾದ. ನಾನು ಬೈದದ್ದು ಅವನಿಗೆ ಗೊತ್ತಾಗಲಿಲ್ಲ. ಸಾಹೇಬನ ಗೋರಿಯ ಕಾಲಿನ ಮೂಲೆಯನ್ನು ನೋಡಿ ಅವನಿಗೆ ಈ ಉಪಾಯ ಹೊಳೆದಿತ್ತಂತೆ. ಅದನ್ನೂ ಹೇಳಿದ, ದೊಡ್ಡ ಶೋಧ ಮಾಡಿದವನಂತೆ. ಆಮೇಲೆ ಅಂಗಿಯ ಒಳಜೇಬಿನಿಂದ ಮಡಿಚಿದ ಛಾಪಾ ಕಾಗದ ತೆಗೆದು ತೋರಿಸಿದ. ನಮ್ಮ ಎರಡು ಕೋಣೆಯ ಜಾಗ, ಹಿತ್ತಿಲು, ಬೇವಿನ ಮರ, ಎಲ್ಲದರ ಅಳತೆ ಹಾಕಿ ನನ್ನ ಹೆಸರಿಗೆ ಬರೆದಿತ್ತು. ಸಹಿ ಒಂದು ಇರಲಿಲ್ಲ.

"ಹದಿನೈದ ದಿನಕ್ಕ ಆ ಮಂದಿ ಬರತಾರ. ಗೋರಿ ಬೆಚ್ಚಗ ಆತಂದ್ರ ಸಹಿ. ಒಲ್ಲೆ ಅಂದ್ರ ದಸರಾದೊಳಗ ಜಾಗ ಬಿಡು. ಸಮಿತಿಯವರು ಅಲ್ಲಿ ವ್ಯಾನ್ ನಿಲ್ಲಸಾಕ ಜಾಗ ಕೇಳಾಕತ್ತಾರ, ಒಂದು ಕಕ್ಕಸನೂ ಆಗಬೇಕು."

ಗೋರಿಬಯಲಿನ ಸಮಿತಿಯೆಂದರೆ ಅವನು, ಅವನ ಭಾವಮೈದುನ, ಮತ್ತು ಎಲ್ಲಿ ತೋರಿಸಿದರೂ ಅಲ್ಲಿ ಸಹಿ ಮಾಡುವ ಒಬ್ಬ ಮುದುಕ.

ಎರಡು ದಿನ ಯೋಚಿಸಿದೆ. ಅವ್ವನನ್ನು ಕೇಳೋಣವೆಂದರೆ ಅವಳು ಬಿಸಿಯಾಗಿರುವುದೊಂದನ್ನು ಬಿಟ್ಟು ಬೇರೇನೂ ಹೇಳುವವಳಲ್ಲ. ಬದುಕಿದ್ದಾಗಲೂ ಅಷ್ಟೇ. ಮನೆ ಹೋದರೆ ನಾನು ಎಲ್ಲಿಗೆ ಹೋಗಲಿ? ಯಾರದೋ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂರಬೇಕು. ಅವ್ವನಿಗಾದರೆ ಮಳೆಗೆ ನೆನೆಯದ ಜಾಗ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪು ಮಾಡುವವರಿಗೆ ಇಂಥ ಸಮಾಧಾನ ಎಲ್ಲಿಂದಲಾದರೂ ಸಿಕ್ಕೇ ಸಿಗುತ್ತದೆ. ಹೂಂ ಅಂದೆ. ಸಂತೆಯಲ್ಲಿ ಬದನೆಕಾಯಿಯನ್ನು ಹಿಚುಕಿ, ತೊಟ್ಟು ಮುರಿದು ನೋಡಿ ಕೊಳ್ಳುವ ನಾನು ಅವ್ವನನ್ನು ಬಾಯಿಮಾತಿನ ಮೇಲೆ ಕೊಟ್ಟೆ.

ಅವ್ವನನ್ನು ತೆಗೆಯುವ ದಿನ ಗೌಡ ಊರಿನವರನ್ನೆಲ್ಲ ಹೆಚ್ಚಿನ ಕೂಲಿಗೆ ತನ್ನ ಹೊಲದ ಶೇಂಗಾ ಕೀಳಲು ಕಳಿಸಿದ್ದ. ನಡುಮಧ್ಯಾಹ್ನ ಗೋರಿಬಯಲಿನಲ್ಲಿ ಇದ್ದವರು ನಾವು ನಾಲ್ವರೇ. ನಾನು, ಗೌಡ, ಗೌಂಡಿ ಇಮಾಮಸಾಬ, ಮತ್ತು ಗೌಡನ ತಾಯಿ ಬಸಲಿಂಗವ್ವ. ಅವಳನ್ನು ಊರೆಲ್ಲ ಗೌಡಸಾನಿ ಎನ್ನುತ್ತದೆ. ಬಾಪುಗೌಡರ ಸೊಸೆ. ಊದಿನಕಡ್ಡಿ ಹಚ್ಚಿಕೊಂಡು ಮುಖ ಆಚೆ ತಿರುಗಿಸಿ ನಿಂತಿದ್ದಳು.

ಮೊದಲ ಗುದ್ದಲಿ ನಾನು ಹಾಕಿದೆ. ಮಿಕ್ಕದ್ದನ್ನು ಇಮಾಮಸಾಬ ಕೈಯಿಂದಲೇ ಬಗೆದ, ಬದುಕಿದ್ದವರ ಹಾಸಿಗೆ ಸರಿಪಡಿಸುವಂತೆ. ಅವ್ವನ ಎಲುಬುಗಳನ್ನು ಹೊಸ ಸೀರೆಯ ತುಂಡಿನಲ್ಲಿ ಕಟ್ಟಿ ನನ್ನ ಮಡಿಲಿಗೆ ಇಟ್ಟ. ಆಗ ತಾನೇ ಇಳಿಸಿದ ರೊಟ್ಟಿಯ ಗಂಟಿನಂತೆ ಬಿಸಿಯಿತ್ತು, ಮತ್ತು ಅಷ್ಟೇ ಹಗುರ. ಮಂಟಪದ ಒಳಗೆ ಒಡೆದ ಚಪ್ಪಡಿ ಎತ್ತಿದಾಗ ಹಳೆಯ ಬಾವಿಯ ವಾಸನೆ ಬಂತು. ಬಾಪುಗೌಡರ ಪಕ್ಕೆಲುಬಿನ ಗೂಡಿನೊಳಗೆ ಒಂದು ಕಪ್ಪೆ ಕೂತಿತ್ತು. ನಮ್ಮನ್ನು ನೋಡಿ ಗಂಟಲು ಉಬ್ಬಿಸಿತು.

"ಏನೈತೋ ಅಲ್ಲಿ?" ಎಂದಳು ಗೌಡಸಾನಿ, ತಿರುಗದೆಯೇ.

"ಏನಿಲ್ರೀ ಅಮ್ಮಾ," ಎಂದ ಇಮಾಮಸಾಬ. ಕಪ್ಪೆಯನ್ನು ಅಂಗೈಯಲ್ಲಿ ಹಿಡಿದು ಹುಲ್ಲಿನ ಮೇಲೆ ಬಿಟ್ಟು ಬಂದ. ಆ ಮಧ್ಯಾಹ್ನ ನನ್ನ ಮಟ್ಟಿಗೆ ಮನುಷ್ಯನಂತೆ ನಡೆದುಕೊಂಡವನು ಅವನೊಬ್ಬನೇ.

ಗೌಡರನ್ನು ಬದಿಗೆ ತೆಗೆದು, ಅವ್ವನನ್ನು ಕೆಳಗೆ ಇಟ್ಟು, ನಡುವೆ ಕಡಪಾ ಕಲ್ಲು ಹಾಸಿ, ಗೌಡರನ್ನು ಮತ್ತೆ ಮೇಲೆ ಇಟ್ಟು ಹೊಸ ಚಪ್ಪಡಿ ಮುಚ್ಚಿದ. ಸಂಜೆಗೆ ಕಲ್ಲು ಉಗುರುಬೆಚ್ಚಗಾಯಿತು. ಮೂರನೆಯ ದಿನ ಅದರ ಮೇಲೆ ಅಂಗೈ ನಿಲ್ಲಿಸಲು ಆಗುತ್ತಿರಲಿಲ್ಲ. ಸೂಲಗಿತ್ತಿಯ ಮೇಲಿದ್ದ ನಾಯಿಗಳೆಲ್ಲ ಗುಳೆ ಎದ್ದು ಮಂಟಪಕ್ಕೆ ಬಂದವು. ಗೌಡ ಕಂಬಗಳ ನಡುವೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿದ. ಹನ್ನೆರಡು ವರ್ಷದ ಮೇಲೆ ನಮ್ಮವ್ವ ಮತ್ತೆ ಗೌಡರ ಮನೆಯ ಬೀಗದೊಳಗೆ ಸೇರಿದಳು.

ಇಲ್ಲಿ ಹಳೆಯ ಗೋರಿ ತಣ್ಣಗಾಯಿತು. ಅಲ್ಲಿ ಹರವಿದ್ದ ಕಾಯಿಗೆ ಎರಡೇ ದಿನದಲ್ಲಿ ಬೂಸರು ಹಿಡಿಯಿತು. ಏನು ನಡೆದಿದೆ ಎಂದು ಊರಿಗೆ ಯಾರೂ ಹೇಳಬೇಕಾಗಲಿಲ್ಲ. ಎರಡು ಕಲ್ಲು ಮುಟ್ಟಿದರೆ ಸಾಕಿತ್ತು. ಯಾರೂ ಗೌಡನ ಮುಂದೆ ಬಾಯಿ ಬಿಡಲಿಲ್ಲ. ನನ್ನ ಮುಂದೆ ಎಲ್ಲರೂ ಬಿಟ್ಟರು. ಏಳು ಮನೆಯವರು ಸೂಲಗಿತ್ತಿಯ ಗೋರಿಯ ಮುಂದೆ ಪಾಳಿ ಹಚ್ಚಿ ನಿಂತು, ನನ್ನನ್ನು ಕಂಡರೆ ಬುಟ್ಟಿ ಆಚೆ ತಿರುಗಿಸುತ್ತಿದ್ದರು.

"ಚಲೋ ಮಾಡಿದಿ ಬೇ," ಎಂದಳು ತಿಪ್ಪವ್ವ, ಬೂಸರು ಹಿಡಿದ ಕಾಯಿಯನ್ನು ನನ್ನ ಅಂಗಳದಲ್ಲಿ ಸುರುವಿ. "ಅವ್ವನ್ನ ಎರಡನೇ ಸಲ ಗೌಡ್ರ ಮನಿಗೆ ಕೆಲಸಕ್ಕ ಹಚ್ಚಿದಿ. ಈ ಸಲರ ಕೂಲಿ ಮೊದಲ ಇಸ್ಕೊಂಡಿಯೋ ಇಲ್ಲೋ?"

"ಕಾಗದ ಕೊಡತಾನ."

"ಸಹಿ ಆಗೇತಿ?"

ಅವಳು ಸುರುವಿದ ಕಾಯಿಯನ್ನು ನಾನು ಬುಟ್ಟಿಗೆ ಬಾಚತೊಡಗಿದೆ. ತಿಪ್ಪವ್ವ ನಗಲೂ ಇಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಗೌಡನ ಮನೆಗೆ ಮೂರು ಸಲ ಹೋದೆ. ಮೊದಲ ಸಲ ಸ್ನಾನ ಮಾಡುತ್ತಿದ್ದ, ಎರಡನೆಯ ಸಲ ಊಟ ಮಾಡುತ್ತಿದ್ದ. ಮೂರನೆಯ ಸಲ ಹೊರಗೆ ಬಂದು, "ಏನ್ ಕಾಗದ?" ಎಂದ.

"ಜಾಗದ ಕಾಗದ್ರೀ. ಗೋರಿ ಬೆಚ್ಚಗ ಆತಲ್ಲ."

"ನಮ್ಮ ಅಜ್ಜನ ಗೋರಿ ಬೆಚ್ಚಗ ಆತು. ಅದಕ್ಕ ನಿನಗ ಯಾಕ ಜಾಗ ಕೊಡಬೇಕು?"

ಅವನ ಕಣ್ಣನ್ನು ನೋಡಿದೆ. ಸುಳ್ಳು ಹೇಳುವವನ ಕಣ್ಣು ಒಂದು ಸಲವಾದರೂ ಕೆಳಗಿಳಿಯುತ್ತದೆ. ಇವನದು ಇಳಿಯಲಿಲ್ಲ. ಒಂದು ವಾರದಲ್ಲಿ ಅವನಿಗೆ ತಾನು ಕಟ್ಟಿದ ಸುಳ್ಳಿನ ಮೇಲೆ ನಂಬಿಕೆ ಬಂದುಬಿಟ್ಟಿತ್ತು. ದಿನಾ ಬೆಳಗ್ಗೆ ಬೀಗ ತೆಗೆದು ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅಜ್ಜ ಎಚ್ಚರಾದ ಎಂದು ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಮರುದಿನ ಸಮಿತಿಯ ಭಾವಮೈದುನ ಬಂದು ನಮ್ಮ ಅಂಗಳದಲ್ಲಿ ಗೂಟ ಬಡಿದು ಹಗ್ಗ ಎಳೆದ. ಬೇವಿನ ಮರದ ಬುಡಕ್ಕೆ ಸುಣ್ಣದಿಂದ ಗುರುತು ಹಾಕಿದ. ಅಲ್ಲಿ ಕಕ್ಕಸು.

ಹಸ್ತಾ ಮಳೆ ಶುರುವಾದ ಏಳನೆಯ ದಿನ ಆ ಮಂದಿ ಬಂದರು. ಹದಿನೈದು ಜನ, ಬಣ್ಣಬಣ್ಣದ ಮಳೆ ಅಂಗಿ. ಮೊದಲು ಬಯಲಿನ ಮೂಲೆಯಲ್ಲಿರುವ ಹಳೇ ಕಾಲದ ಸುಬೇದಾರನೊಬ್ಬನ ಗುಮ್ಮಟಕ್ಕೆ ಹೋಗಿ ಅದರ ಅಕ್ಷರಗಳನ್ನು ಓದಲಾರದೆ ಫೋಟೋ ತೆಗೆದುಕೊಂಡರು. ಸಾಹೇಬನ ಕುದುರೆಯಾಳಿನ ಮೂಲೆಯನ್ನು ಮುಟ್ಟಿ, "ಪಾಪ, ಸಾಹೇಬರು ಮನೆಯಿಂದ ಎಷ್ಟು ದೂರ!" ಎಂದರು. ಬೆನ್ನುನೋವಿನ ಒಬ್ಬ ಗಂಡಸು ಸೂಲಗಿತ್ತಿಯ ಮೇಲೆ ಅಂಗಾತ ಮಲಗಿ, "ಆಹಾ" ಎಂದ. ಪಾಳಿಯಲ್ಲಿ ನಿಂತ ಹೆಂಗಸರು ಒದ್ದೆ ಬುಟ್ಟಿ ಹೊತ್ತುಕೊಂಡು ಅವನು ಏಳುವುದನ್ನೇ ಕಾದರು. ನಮ್ಮವ್ವನ ಹಳೆಯ ಜಾಗಕ್ಕೆ ಬಂದು ವಸುಮತಿ ಮೇಡಂ ಕಡ್ಡಿ ಒತ್ತಿದರು, ನೋಟುಬುಕ್ಕು ನೋಡಿದರು, ಮತ್ತೆ ಒತ್ತಿದರು. "ಇದು ಆರಿಹೋಗಿದೆ," ಎಂದು ಒಂದು ಗೆರೆ ಎಳೆದರು.

ಆಮೇಲೆ ಮಂಟಪ. ಗೌಡ ಬೀಗ ತೆಗೆದ. ಬಿಳಿ ಅಂಗಿ, ಹೆಗಲ ಮೇಲೆ ಶಾಲು. ಒಳಗೆ ಮೂಲೆಯಲ್ಲಿ ಕುರ್ಚಿ ಹಾಕಿ ಗೌಡಸಾನಿಯನ್ನು ಕೂರಿಸಿದ್ದ. ಇಮಾಮಸಾಬ ಸೈಕಲ್ಲು ಹಿಡಿದು ಹೊರಗೆ ನಿಂತಿದ್ದ. ಏನಾದರೂ ಬಿರುಕು ಬಿಟ್ಟರೆ ಇರಲಿ ಎಂದು ಅವನನ್ನೂ ಕರೆಸಿದ್ದರು.

"ನಮ್ಮ ಅಜ್ಜನವರು ಬಡವರಿಗಾಗಿ ಉರಿದ ಜೀವ," ಎಂದು ಗೌಡ ಶುರು ಮಾಡಿದ.

ಮೇಡಂ ಕಡ್ಡಿ ಒತ್ತಿ, "ನಲವತ್ತಾರು!" ಎಂದರು. "ಆದರೆ ಹೋದ ವರ್ಷ ಇದು ತಣ್ಣಗಿತ್ತಲ್ಲ?"

"ಕೆಲವರಿಗೆ ತಡವಾಗಿ ಬರುತ್ತೆ, ಮೇಡಂ."

ಮೇಡಂ ಅದನ್ನು ಬರೆದುಕೊಂಡರು. ಒಬ್ಬ ಹುಡುಗಿ ಕಲ್ಲಿಗೆ ಕೆನ್ನೆ ಒತ್ತಿ ಕಣ್ಣೀರು ಹಾಕಿದಳು. ಓದಿದವರು ಇಷ್ಟು ಸುಲಭವಾಗಿ ಬಗ್ಗುತ್ತಾರೆಂದು ನನಗೆ ಗೊತ್ತಿರಲಿಲ್ಲ.

ನಾನು ಬುಟ್ಟಿ ಹೊತ್ತುಕೊಂಡು ಅವರ ನಡುವೆ ನುಗ್ಗಿದೆ. ಕಲ್ಲಿನ ಮೇಲೆ ಹಾಕಿದ್ದ ಸೇವಂತಿಗೆ ಹಾರವನ್ನು ಬದಿಗೆ ಸರಿಸಿ, ಒದ್ದೆ ಶೇಂಗಾ ಸುರುವಿ, ಎರಡೂ ಕೈಯಿಂದ ಹರವಿದೆ. ಕಾಯಿಯಿಂದ ಹಬೆ ಎದ್ದಿತು. ನನಗೆ ಬೇಕಾದದ್ದು ಇಷ್ಟೇ: ಅಷ್ಟು ಜನರ ಮುಂದೆ ಅವನು ನನ್ನನ್ನು ತಡೆಯಲಿ, ಸುಳ್ಳು ಹೇಳಲಿ, ನಾನು ಕೂಗಾಡಿ ಎಲ್ಲ ಹೇಳಿಬಿಡುತ್ತೇನೆ. ಅದರಿಂದ ಮನೆ ಉಳಿಯುತ್ತದೆಂದಲ್ಲ. ಹೋಗುವ ಮನೆಯ ಸಂಕಟಕ್ಕೆ ಅವನ ಶಾಲಿನ ಮೇಲೆ ಸ್ವಲ್ಪ ಕೆಸರಾದರೂ ಬೀಳಲಿ ಎಂದು.

"ಏ ಇಂದ್ರವ್ವ! ತಗಿ ಅದನ್ನ," ಎಂದ ಗೌಡ.

"ತಡೀರಿ ಹಂಗಾರ. ಕಲ್ಲಿನ ಮ್ಯಾಲ ಕೈ ಇಟ್ಟು ಹೇಳ್ರಿ, ಇದರಾಗ ನಿನ್ನವರು ಯಾರೂ ಇಲ್ಲಂತ."

ಅವನು ಕೈ ಎತ್ತಿದ. ಹೇಳುವವನೇ ಇದ್ದ, ಅದರಲ್ಲಿ ಸಂಶಯವಿಲ್ಲ. ಆ ಹೊತ್ತಿಗೆ ಮೂಲೆಯಿಂದ ಗೌಡಸಾನಿ ಕುರ್ಚಿ ಸರಿಸಿದ ಸದ್ದಾಯಿತು. "ಪ್ರತಾಪಾ. ಗೋರಿ ಮ್ಯಾಲ ಸುಳ್ಳ ಆಣಿ ಮಾಡಬ್ಯಾಡ. ಮನ್ಯಾಗ ಸಣ್ಣ ಮಕ್ಕಳದಾವ."

ಎತ್ತಿದ ಕೈ ಎತ್ತಿದಲ್ಲೇ ನಿಂತಿತು.

"ಇವರು ಯಾರು? ಏನು ನಡೀತಿದೆ?" ಎಂದರು ಮೇಡಂ. ಅಷ್ಟರಲ್ಲಿ ಪಾಳಿಯಲ್ಲಿದ್ದ ಹೆಂಗಸರೆಲ್ಲ ಜಾಲರಿಯ ಸುತ್ತ ನೆರೆದಿದ್ದರು. ತಿಪ್ಪವ್ವ ಮುಂದೆ ಬಂದು ನಮ್ಮೂರ ಪದ್ಧತಿಯನ್ನು ಬಿಡಿಸಿ ಹೇಳಿದಳು. "ವಾರಸುದಾರರು ಕೇಳದ ಹರವತಾರ್ರೀ. ತಡೀಲಿಲ್ಲ ಅಂದ್ರ, ಹೊತ್ತು ಮುಳುಗಿದ ಮ್ಯಾಲ ಆಕಿ ಈ ಮನಿ ಮಗಳು."

"ಅಂದರೆ... ಬಾಪುಗೌಡರ ಮಗಳು?" ಮೇಡಂ ಪೆನ್ನಿನ ಟೊಪ್ಪಿ ತೆಗೆದರು. "ಮತ್ತೆ ಆಸ್ತಿ?"

"ಮಗಳಿಗೆ ಪಾಲು ಇರತೈತಲ್ರೀ," ಎಂದಳು ತಿಪ್ಪವ್ವ, ಬಲು ಮುಗ್ಧೆಯಂತೆ. "ಗಂಡುಮಕ್ಕಳಷ್ಟ."

ಇದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ನಾನು ಅವ್ವನ ಮಗಳಾಗಿ ಹರವಿದ್ದೆ. ಕಲ್ಲಿನ ಮೇಲೆ ಕೆತ್ತಿದ್ದು ಬಾಪುಗೌಡರ ಹೆಸರು. ಹದಿನೈದು ಜನ ನನ್ನ ಮೂಗು, ಹಣೆ ನೋಡಿ ಗೌಡನ ಮೂಗು, ಹಣೆ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮವ್ವ ಎಂಥವಳೆಂದು ಆ ಜಾಲರಿಯ ಸುತ್ತ ನಿಂತ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ನಾನು ಹನಮಪ್ಪನ ಮಗಳು ಎಂದು ಕೂಗಲು ಬಾಯಿ ತೆರೆದೆ. ಆಗ ಪ್ರತಾಪಗೌಡನ ಮುಖ ಕಾಣಿಸಿತು. ಅವನು ಕಾಲುವೆ, ಹೊಲ, ಮನೆ ಎಲ್ಲವನ್ನೂ ಒಂದೊಂದಾಗಿ ಅರ್ಧ ಮಾಡಿ ನೋಡುತ್ತಿದ್ದ. ಬಾಯಿ ಮುಚ್ಚಿಕೊಂಡೆ. ಗೋರಿಯ ಅಂಚಿನಲ್ಲಿ ಕೂತು ಕಾಯಿಯನ್ನು ಮಗುಚತೊಡಗಿದೆ. ಬದುಕಿದ್ದಾಗ ಅವ್ವನ ಬಗ್ಗೆ ಯಾರೂ ಆಡದ ಮಾತನ್ನು ಸತ್ತ ಮೇಲೆ ಅವಳ ಮಗಳೇ ಆಡಿಸಿದಳು, ಅದೂ ಬಾಯಿ ತೆರೆಯದೆ. ಅದಕ್ಕೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆ ಇದೆ.

ಗೌಡನಿಗೆ ಉಳಿದಿದ್ದ ದಾರಿ ನಾಲ್ಕು. ನಿನ್ನವರು ಯಾರೂ ಇಲ್ಲ ಎನ್ನಲು ತಾಯಿ ಬಿಡುತ್ತಿರಲಿಲ್ಲ. ನಿನ್ನವ್ವ ಇದ್ದಾಳೆ ಎಂದರೆ ನಲವತ್ತಾರು ಡಿಗ್ರಿ ಯಾರದೆಂದು ಮೇಡಂಗೆ ತಿಳಿಯುತ್ತಿತ್ತು. ಹರವಲು ಅಪ್ಪಣೆ ಕೊಟ್ಟಿದ್ದೇನೆ ಎಂದರೆ ಅದಕ್ಕೆ ನಾನು ಹೌದೆನ್ನಬೇಕಿತ್ತು. ಸುಮ್ಮನಿದ್ದರೆ ಹೊತ್ತು ಮುಳುಗುತ್ತಿತ್ತು. ಮೋಡದ ದಿನ, ಹೊತ್ತು ಎಲ್ಲಿದೆಯೆಂದು ಕಾಣದೆ ಅವನು ಗಳಿಗೆಗೊಮ್ಮೆ ಗಡಿಯಾರ ನೋಡಿದ. ಬೆವೆತ. ಆ ಮಳೆಯಲ್ಲಿ ಬಾಪುಗೌಡರ ವಂಶದಲ್ಲಿ ಮೊದಲ ಸಲ ಒಬ್ಬ ಬೆವೆತದ್ದನ್ನು ಊರು ಕಂಡಿತು.

ಕೊನೆಗೆ ಮಾತಾಡಿದವಳು ಗೌಡಸಾನಿ. "ಇಮಾಮಸಾಬ, ಸೈಕಲ್ ತಗೊಂಡು ಹೋಗು. ದೇವರ ಕೋಣಿ ಪೆಟ್ಟಿಗ್ಯಾಗ ಛಾಪಾ ಕಾಗದ ಐತಿ, ತಗೊಂಡು ಬಾ. ಲಗೂನ."

"ಅವ್ವಾ—"

"ಬಾಯಿ ಮುಚ್ಚು. ಒಂದ ಒಲಿ ಹಚ್ಚಾಕ ಊರ ಕೂಡಸಿದಿ."

ಕಾಗದ ಬಂತು. ಗೌಡ ಪೆನ್ನು ತೆಗೆದ. ನಾನು ತಡೆದು, ಮೇಡಂ ಕಡೆಯ ಒಬ್ಬರಿಂದ ಗಟ್ಟಿಯಾಗಿ ಓದಿಸಿದೆ. ಬಡತನವನ್ನು ನೋಡಿ ಮನಕರಗಿ ಈ ಜಾಗವನ್ನು ದಾನವಾಗಿ ಕೊಟ್ಟಿದ್ದೇನೆ ಎಂದಿತ್ತು.

"ದಾನ ಹೊಡದ ಹಾಕ್ರಿ," ಎಂದೆ.

"ಅದೊಂದು ಬರಿಯೂ ರೀತಿ ಐತಿ ಮಾರಾಯ್ತಿ. ಜಾಗ ಬಂತಿಲ್ಲೋ ನಿನಗ?"

"ಮನ ಕರಗಿದ್ದೂ ಹೊಡದ ಹಾಕ್ರಿ. ಫಕೀರವ್ವನ ಮೂವತ್ತೊಂದು ವರ್ಷದ ಕೂಲಿ ಬಾಕಿ ಇತ್ತು, ಅದಕ್ಕ ಕೊಟ್ಟೇವಿ ಅಂತ ಬರೀರಿ. ಇಲ್ಲಾಂದ್ರ ನನಗೇನ ಅವಸರ ಇಲ್ಲ. ನನ್ನ ಕಾಯಿ ಇನ್ನೂ ಒಣಗಿಲ್ಲ."

ಅವನು ತಾಯಿಯ ಕಡೆ ನೋಡಿದ. ಅವಳು ಆಚೆ ನೋಡುತ್ತಿದ್ದಳು. ಹೊಡೆದು ಹಾಕಿದ, ಬರೆದ. ಫಕೀರವ್ವ ಎಂಬ ಹೆಸರನ್ನು ಅವನ ಮನೆತನದವರು ಕಾಗದದ ಮೇಲೆ ಬರೆದದ್ದು ಅದೇ ಮೊದಲು. ಕೆಳಗೆ ಸಹಿ ಹಾಕಿದ. ಇಮಾಮಸಾಬನೂ ತಿಪ್ಪವ್ವನೂ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದರು. ಆಮೇಲೆ ಗೌಡ ಎಲ್ಲರಿಗೂ ಕೇಳುವಂತೆ, "ಈಕಿ ನಮ್ಮ ಹಳೇ ಕೆಲಸದಾಕಿ ಮಗಳು. ಹರವಾಕ ನಾನ ಅಪ್ಪಣಿ ಕೊಟ್ಟೇನಿ" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಬಾಪುಗೌಡರ ಮಗಳು ಎಂದು ತಾವು ಬರೆದದ್ದರ ಮೇಲೆ ಮೇಡಂ ಗೆರೆ ಎಳೆದರು. ಅವರ ಮುಖದಲ್ಲಿ, ಸಂತೆಗೆ ಬಂದು ಬರಿಗೈಯಲ್ಲಿ ಹೋಗುವವರ ಬೇಜಾರಿತ್ತು.

ಕಾಗದ ಮಳೆಯ ತಂಪಿಗೆ ಮೆತ್ತಗಾಗಿ ಶಾಯಿ ಹರಡಲು ಶುರುವಾಗಿತ್ತು. ಗೌಡ ಊದಿದ. ಶಾಲಿನಿಂದ ಗಾಳಿ ಹಾಕಿದ. ಸಹಿಯ ಬಾಲ ಇನ್ನಷ್ಟು ಉದ್ದವಾಯಿತು. ಗೌಡಸಾನಿ ಎದ್ದು ಬಂದು ಅದನ್ನು ಅವನ ಕೈಯಿಂದ ಕಸಿದುಕೊಂಡಳು. ನನ್ನ ಶೇಂಗಾವನ್ನು ಅಂಗೈಯಿಂದ ಎರಡೂ ಕಡೆಗೆ ಸರಿಸಿ ಕಲ್ಲಿನ ಮೇಲೆ ಜಾಗ ಮಾಡಿ ಕಾಗದವನ್ನು ಹಾಸಿದಳು. ಅಂಚು ಮೇಲೇಳುವ ತನಕ ಕಾದು, ಎರಡು ಬೆರಳಿನಿಂದ ಹಿಡಿದು, ಹಂಚಿನ ಮೇಲಿನ ರೊಟ್ಟಿಯಂತೆ ಒಮ್ಮೆ ತಿರುವಿ ಹಾಕಿದಳು.

"ಹಿಡಿ ಬೇ. ಆರೇತಿ," ಎಂದಳು.

ನಾನು ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡೆ. ಪ್ರತಾಪಗೌಡ ಕಂಬಕ್ಕೆ ಒರಗಿ ನಿಂತು, ಸಹಿ ಮಾಡುವಾಗ ಕಲ್ಲಿಗೆ ಊರಿದ್ದ ಎಡಗೈಯ ಅಂಗೈಯನ್ನು ಊದಿಕೊಳ್ಳುತ್ತಿದ್ದ.